"ಸರ್ವರ್ ವಾಸ್ ಡೌನ್" ಅಂತ ಬರೆದರೆ "ಈಗ ಸರಿ ಹೋಯ್ತಾ?" ಅಂತ ಕೇಳುತ್ತಾರೆ

ಪ್ರಶ್ನೆ:
ಮೀಟಿಂಗ್ ಮುಗಿದ ಮೇಲೆ ಯಾರು ಏನಂದರು ಅಂತ ಬರೆದು ಕಳಿಸುವ ಕೆಲಸ ನನ್ನ ತಲೆಗೆ ಬಿದ್ದಿದೆ. ಮೊದಲ ಸಲ "ಹೀ ಟೋಲ್ಡ್ ದಟ್ ಹೀ ವಿಲ್ ಸೆಂಡ್ ದ ಫೈಲ್" ಅಂತ ಬರೆದೆ. ಮ್ಯಾನೇಜರ್ ಅದನ್ನು "ವುಡ್" ಅಂತ ತಿದ್ದಿದರು. ಅವತ್ತಿನಿಂದ ಎಲ್ಲವನ್ನೂ ಪಾಸ್ಟ್ ಟೆನ್ಸ್‌ಗೆ ತಳ್ಳುತ್ತಿದ್ದೇನೆ. ನಿನ್ನೆ "ಶೀ ಸೆಡ್ ದ ಸರ್ವರ್ ವಾಸ್ ಡೌನ್" ಅಂತ ಚಾಟ್‌ನಲ್ಲಿ ಹಾಕಿದರೆ, "ಓ, ಸರಿ ಹೋಯ್ತಾ?" ಅಂತ ನಾಲ್ಕು ಜನ ಕೇಳಿದರು. ಸರಿ ಹೋಗಿಲ್ಲ! ಪಿಯುಸಿಯಲ್ಲಿ ರಿಪೋರ್ಟೆಡ್ ಸ್ಪೀಚ್‌ಗೆ ಪೂರ್ತಿ ಅಂಕ ತೆಗೆದವನು ನಾನು. ಎಲ್ಲಿ ಎಡವಿದೆ?

ಉತ್ತರ 1:
ಮೊದಲ ಸಲ ಎಡವಿದ್ದು ನಮ್ಮ "ಅಂತ"ದಿಂದ. "ನಾನು ನಾಳೆ ಬರ್ತೀನಿ ಅಂತ ಅಂದ" ಅನ್ನುತ್ತೇವೆ. ಅವನ ಮಾತು ಅವನ ಬಾಯಲ್ಲಿ ಬಂದ ಹಾಗೇ ಕೂತಿದೆ, "ನಾನು" ಕೂಡ ಅವನದೇ. ಇಂಗ್ಲಿಷ್‌ನಲ್ಲಿ ಹಾಗಲ್ಲ. ಈಗ ಮಾತಾಡುತ್ತಿರುವುದು ನೀವು, ಕಾಲವನ್ನೂ ನೀವು ನಿಂತ ಜಾಗದಿಂದಲೇ ಅಳೆಯಬೇಕು. ಅದಕ್ಕೇ "ಸೆಡ್" ಆದಮೇಲೆ ಸಾಮಾನ್ಯವಾಗಿ ಈಸ್ ಹೋಗಿ ವಾಸ್, ವಿಲ್ ಹೋಗಿ ವುಡ್, ಕ್ಯಾನ್ ಹೋಗಿ ಕುಡ್.

ಎರಡನೇ ಸಲ ಎಡವಿದ್ದು ಪರೀಕ್ಷೆಯ ಅಭ್ಯಾಸದಿಂದ. ಪರೀಕ್ಷೆಯಲ್ಲಿ ಸರ್ವರ್ ಎದ್ದಿದೆಯೋ ಇಲ್ಲವೋ ಯಾರಿಗೂ ಬೇಕಿಲ್ಲ, ಅಲ್ವಾ? ವಿಷಯ ಈಗಲೂ ನಿಜವಾಗಿದ್ದರೆ ಪ್ರೆಸೆಂಟ್ ಉಳಿಸಬಹುದು. "ಶೀ ಸೆಡ್ ದ ಸರ್ವರ್ ಈಸ್ ಡೌನ್" ತಪ್ಪೇ ಅಲ್ಲ. "ವಾಸ್" ಕೂಡ ವ್ಯಾಕರಣಕ್ಕೆ ಸರಿ, ಆದರೆ ಈಗಿನ ಸ್ಥಿತಿ ಏನು ಅಂತ ಅದು ಹೇಳುವುದಿಲ್ಲ.

ಇನ್ನೊಂದು: "ಟೋಲ್ಡ್" ಅಂದಮೇಲೆ ಯಾರಿಗೆ ಅಂತ ಇರಬೇಕು. "ಟೋಲ್ಡ್ ಮಿ", "ಟೋಲ್ಡ್ ಅಸ್". ಇಲ್ಲದಿದ್ದರೆ ಸುಮ್ನೆ "ಸೆಡ್" ಸಾಕು.

ಪ್ರಶ್ನೆ ಕೇಳಿದವರು:
ಹಾಗಾದರೆ ಫೈಲ್ ಶುಕ್ರವಾರ ಬರಬೇಕು, ಇವತ್ತು ಬುಧವಾರ. "ವಿಲ್" ಕೂಡ ಸರಿ ತಾನೇ? ಸುಮ್ನೆ ತಿದ್ದಿಸಿಕೊಂಡೆನಾ?

ಉತ್ತರ 2:
ಇವತ್ತಿನ ಮಟ್ಟಿಗೆ ಸರಿ. ಆದರೆ ಮೀಟಿಂಗ್ ಟಿಪ್ಪಣಿಯನ್ನು ಆರು ತಿಂಗಳು ಬಿಟ್ಟೂ ಯಾರೋ ತೆಗೆದು ಓದುತ್ತಾರೆ. ಅಲ್ಲಿ "ವುಡ್" ಹಾಕುವುದೇ ಮೇಲು, ನಿಮ್ಮ ಮ್ಯಾನೇಜರ್ ಪರ ನಾನು. "ಟುಮಾರೋ" ಅಂತಲೂ ಬರೆಯಬೇಡಿ, ತಾರೀಖು ಹಾಕಿ. ಚಾಟ್‌ನಲ್ಲಿ "ಈಸ್", "ವಿಲ್" ಧಾರಾಳವಾಗಿ ಬಳಸಿ.

"ಹ್ಯಾಡ್" ಕೂಡ ಜಾಸ್ತಿ ತುರುಕಬೇಡಿ. "ಹೀ ಸೆಡ್ ಹೀ ಸೆಂಟ್ ಇಟ್ ಆನ್ ಮಂಡೇ" ಅಂದರೆ ಯಾವುದು ಮೊದಲು ಅಂತ ಗೊತ್ತಾಗುತ್ತದೆ. ಮಕ್ಕಳು ಪರೀಕ್ಷೆಗೆ ಕೂರುವವರಾಗಿದ್ದರೆ ಮಾತ್ರ ಇದನ್ನು ಹೇಳಿಕೊಡಬೇಡಿ, ಅಲ್ಲಿ "ಹ್ಯಾಡ್ ಸೆಂಟ್" ಬರೆದರೇ ಅಂಕ.

ಪ್ರಶ್ನೆ ಕೇಳಿದವರು:
ಟಿಪ್ಪಣಿಯಲ್ಲಿ "ವಾಸ್ ಡೌನ್ ಅಟ್ 10 ಎಎಂ" ಅಂತ ಹೊತ್ತು ಸೇರಿಸಿದೆ, ಚಾಟ್‌ನಲ್ಲಿ "ಈಸ್ ಸ್ಟಿಲ್ ಡೌನ್" ಅಂತ ಹಾಕಿದೆ. ಈ ಸಲ ಯಾರೂ ಏನೂ ಕೇಳಲಿಲ್ಲ.