ಆಕ್ಯುಪೆನ್ಸಿ: ಸ್ವಾಧೀನವೋ, ಭರ್ತಿಯೋ?

ಪ್ರಶ್ನೆ:

ಮಾನ್ಯರೆ, ಆಂಟಿಸೈಕೋಟಿಕ್ (ಮನೋರೋಗದ) ಮಾತ್ರೆಗಳಿಂದ ಬರುವ ನಡುಕ, ಬಿಗಿತಗಳ ಬಗ್ಗೆ ರೋಗಿಗಳ ಮನೆಯವರಿಗಾಗಿ ಒಂದು ಕೈಪಿಡಿ ಸಿದ್ಧವಾಗುತ್ತಿದೆ. ಪೆಟ್ ಸ್ಕ್ಯಾನ್ (ವಿಕಿರಣ ಸೂಸುವ ಗುರುತುವಸ್ತು ಕೊಟ್ಟು ಮೆದುಳಿನ ಚಿತ್ರ ತೆಗೆಯುವುದು) ಭಾಗದಲ್ಲಿ ಈ ವಾಕ್ಯವಿದೆ: ‘ಡಿ2 ಗ್ರಾಹಕದ ಸ್ವಾಧೀನ ಶೇ 80ರ ಹತ್ತಿರ ಬಂದರೆ ಕೈಕಾಲಿನ ಬಿಗಿತ ಶುರುವಾಗುತ್ತದೆ.’ ಕರಡು ಓದಿದವರು ‘ಯಾವ ಗ್ರಾಹಕ? ಯಾರ ಸ್ವಾಧೀನ?’ ಎನ್ನುತ್ತಿದ್ದಾರೆ. ಆಕ್ಯುಪೆನ್ಸಿ (ಗ್ರಾಹಕಗಳಲ್ಲಿ ಮಾತ್ರೆ ಕೂತಿರುವ ಪಾಲು), ಬೈಂಡಿಂಗ್ ಪೊಟೆನ್ಷಿಯಲ್ ಇವೆರಡಕ್ಕೆ ಏನು ಹೇಳೋಣ? ಪಾರ್ಕಿನ್ಸನ್ ಪತ್ತೆಗೆ ಬಳಸುವ ಟ್ರೋಡ್ಯಾಟ್ ಸ್ಕ್ಯಾನನ್ನೂ ‘ಗ್ರಾಹಕ ಚಿತ್ರಣ’ ಎನ್ನಬಹುದೇ?

ಉತ್ತರ:

‘ಗ್ರಾಹಕ’ (ರಿಸೆಪ್ಟರ್: ಡೋಪಮಿನ್‌ನಂಥ ನರಸಂದೇಶದ ರಾಸಾಯನಿಕ ಬಂದು ಕೂರುವ, ನರಕೋಶದ ಮೇಲಿನ ಜಾಗ; ಡಿ2 ಅದರ ಒಂದು ಬಗೆ) ಇರಲಿ. ಬಹುವಚನದಲ್ಲಿ ‘ಗ್ರಾಹಕಗಳು’ ಎಂದ ಕೂಡಲೇ ಇದು ಅಂಗಡಿಗೆ ಬಂದವರ ವಿಷಯವಲ್ಲ ಎಂದು ತಿಳಿಯುತ್ತದೆ. ಏಕವಚನದಲ್ಲಿ ಮಾತ್ರ ‘ಡೋಪಮಿನ್ ಗ್ರಾಹಕ’ ಎಂದು ಪೂರ್ತಿ ಬರೆಯಿರಿ.

‘ಸ್ವಾಧೀನ’ ಮಾತ್ರ ಇಲ್ಲಿ ಬೇಡವೇ ಬೇಡ. ಮನೆ ಕಟ್ಟಿದವರಿಗೆ ಅದು ಪಾಲಿಕೆ ಕೊಡುವ ಪತ್ರ; ಅದಿರಲಿ. ದೊಡ್ಡ ತೊಡಕು ಬೇರೆ: ‘ಎಡಗೈ ಸ್ವಾಧೀನದಲ್ಲಿಲ್ಲ’, ‘ಕಾಲು ಸ್ವಾಧೀನ ತಪ್ಪಿದೆ’ ಎಂಬುದು ರೋಗಿಗಳ ಮನೆಯಲ್ಲಿ ದಿನನಿತ್ಯದ ಮಾತು. ಅಂಥ ಓದುಗರ ಮುಂದೆ ಸ್ವಾಧೀನ ಹೆಚ್ಚಾದಷ್ಟೂ ಬಿಗಿತ ಹೆಚ್ಚು ಎಂದರೆ ಅರ್ಥ ಪೂರಾ ತಲೆಕೆಳಗಾಗುತ್ತದೆ.

‘ತಡೆ’ ಎಂದು ಕೆಲವರು ಬರೆಯುತ್ತಾರೆ. ಹ್ಯಾಲೊಪೆರಿಡಾಲ್‌ ಎಂಬ ಆಂಟಿಸೈಕೋಟಿಕ್‌ಗೆ ಅದು ಸರಿ, ಇನ್ನೊಂದು ಆಂಟಿಸೈಕೋಟಿಕ್ ಆದ ಅರಿಪಿಪ್ರಜೋಲ್‌ಗೆ ತಪ್ಪು. ಅರಿಪಿಪ್ರಜೋಲ್ ಡಿ2 ಗ್ರಾಹಕಗಳಲ್ಲಿ ಶೇ 80ಕ್ಕಿಂತ ಹೆಚ್ಚನ್ನು ತುಂಬಿದರೂ ಬಿಗಿತ ತರುವುದು ಕಡಿಮೆ, ಏಕೆಂದರೆ ಅದು ಕೂತ ಜಾಗದಲ್ಲಿ ಡೋಪಮಿನ್ನಿನ ಕೆಲಸವನ್ನು ಅಷ್ಟಿಷ್ಟು ತಾನೂ ಮಾಡುತ್ತದೆ. ಕೂರುವುದು ಬೇರೆ, ತಡೆಯುವುದು ಬೇರೆ.

ನನ್ನ ಆಯ್ಕೆ ‘ಭರ್ತಿ’. ಬಸ್ಸಿನ ಸೀಟು, ಆಸ್ಪತ್ರೆಯ ಹಾಸಿಗೆ ಎರಡಕ್ಕೂ ಜನ ಬಳಸುವ ಪದ. ಅದರ ಜೊತೆಗೇ ‘ಖಾಲಿ’ಯೂ ಸಿಗುತ್ತದೆ. ಸ್ಕ್ಯಾನ್ ನಿಜಕ್ಕೂ ಎಣಿಸುವುದು ಖಾಲಿಯನ್ನೇ. ಡಿ2ಗೆ ಅಂಟುವ ಗುರುತುವಸ್ತುವಾದ, ವಿಕಿರಣಶೀಲ ಕಾರ್ಬನ್-11 ಸೇರಿಸಿದ ರ‍್ಯಾಕ್ಲೊಪ್ರೈಡನ್ನು ಅತಿ ಸಣ್ಣ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಟ್ಟರೆ, ಮಾತ್ರೆ ಕೂತಿರದ ಗ್ರಾಹಕಗಳಿಗೆ ಅದು ಅಂಟುತ್ತದೆ. ಚಲನೆಗೆ ಸಂಬಂಧಿಸಿದ ಮೆದುಳಿನ ಭಾಗವಾದ ಸ್ಟ್ರಯೇಟಮ್‌ನಲ್ಲಿ ಹೊಳಪು ಕಡಿಮೆಯಾದಷ್ಟೂ ಭರ್ತಿ ಹೆಚ್ಚು. ಡಿ2 ಗ್ರಾಹಕಗಳು ತೀರಾ ಕಡಿಮೆ ಇರುವ ಕಿರುಮೆದುಳನ್ನು ಹೋಲಿಕೆಗೆ ಇಟ್ಟುಕೊಂಡು ಬರುವ ಅಂಕಿಯೇ ಬೈಂಡಿಂಗ್ ಪೊಟೆನ್ಷಿಯಲ್. ‘ಬಂಧನ ಸಾಮರ್ಥ್ಯ’ ಎಂದರೆ ಪೊಲೀಸ್ ಠಾಣೆ ನೆನಪಾಗುತ್ತದೆ. ‘ಅಂಟಿಕೆ ಮಟ್ಟ’ ಸಾಕು.

ಲೆಕ್ಕ ಹೀಗೆ: ಮಾತ್ರೆಗೆ ಮುಂಚೆ ಅಂಟಿಕೆ ಮಟ್ಟ 3.0, ಮಾತ್ರೆ ತೆಗೆದುಕೊಂಡ ಮೇಲೆ 0.6 ಎಂದಿಟ್ಟುಕೊಳ್ಳಿ. ಇಳಿದದ್ದು 2.4. ಅದನ್ನು 3.0ರಿಂದ ಭಾಗಿಸಿದರೆ ಭರ್ತಿ ಶೇ 80. ಎಡವುವುದು ಮೊದಲ ಅಂಕಿಯಲ್ಲಿ. ಆಗಲೇ ಮಾತ್ರೆಯಲ್ಲಿರುವ ರೋಗಿಗೆ ‘ಮುಂಚಿನ’ ಸ್ಕ್ಯಾನ್ ಇರುವುದಿಲ್ಲ, ಆರೋಗ್ಯವಂತರ ಸರಾಸರಿಯನ್ನು ಎರವಲು ತರಬೇಕು. ವಯಸ್ಸಾದಂತೆ ಡಿ2 ಗ್ರಾಹಕಗಳು ತಾವಾಗಿಯೇ ಇಳಿಯುತ್ತವೆ. ಎಪ್ಪತ್ತರವರನ್ನು ಮೂವತ್ತರವರ ಸರಾಸರಿಗೆ ಹೋಲಿಸಿದರೆ ಭರ್ತಿ ಇರುವುದಕ್ಕಿಂತ ಜಾಸ್ತಿ ಬರುತ್ತದೆ.

‘ಶೇ 80’ ಎಂದು ಗೆರೆ ಎಳೆದಂತೆ ಬರೆಯುವುದೂ ಬೇಡ. 2000ರಲ್ಲಿ ಪ್ರಕಟವಾದ ಶಿತಿಜ್ ಕಪೂರ್ ತಂಡದ ಹ್ಯಾಲೊಪೆರಿಡಾಲ್ ಅಧ್ಯಯನದಲ್ಲಿ ಶೇ 65 ದಾಟಿದಾಗ ಕಾಯಿಲೆ ಹಿಡಿತಕ್ಕೆ ಬರುವ ಸಂಭವ, 72 ದಾಟಿದಾಗ ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನು) ಏರುವ ಸಂಭವ, 78 ದಾಟಿದಾಗ ಬಿಗಿತ, ಚಡಪಡಿಕೆಗಳ ಸಂಭವ ಹೆಚ್ಚಾಗಿತ್ತು. ‘ಸಂಭವ ಹೆಚ್ಚು’ ಎಂಬ ಎರಡು ಪದ ನಿಮ್ಮ ವಾಕ್ಯಕ್ಕೆ ಸೇರಲೇಬೇಕು.

ಟ್ರೋಡ್ಯಾಟ್ ಗ್ರಾಹಕ ಚಿತ್ರಣವಲ್ಲ. ಅದು ತೋರಿಸುವುದು ಹೊರಬಿಟ್ಟ ಡೋಪಮಿನ್ನನ್ನು ನರತುದಿಗೆ ಮರಳಿ ಎಳೆದುಕೊಳ್ಳುವ ಸಾಗಕಗಳನ್ನು. ‘ವಾಹಕ’ ಎಂದರೆ ವಿದ್ಯುತ್ ತಂತಿ ನೆನಪಾಗುವುದರಿಂದ ‘ಸಾಗಕ’ ಮೇಲು. ನಿಜವಾದ ಪಾರ್ಕಿನ್ಸನ್‌ನಲ್ಲಿ ಈ ನರತುದಿಗಳೇ ಸವೆದಿರುತ್ತವೆ. ಮಾತ್ರೆಯಿಂದ ಮಾತ್ರವೇ ಬಂದ ಬಿಗಿತದಲ್ಲಿ ಅವು ಸರಿಯಾಗಿದ್ದು ಸ್ಕ್ಯಾನ್ ಸಹಜವಾಗಿ ಕಾಣುತ್ತದೆ. ಸಹಜ ಚಿತ್ರದಲ್ಲಿ ಹೊಳಪು ಅಲ್ಪವಿರಾಮದಂತೆ ಬಾಲ ಬಿಟ್ಟಿರುತ್ತದೆ. ಪಾರ್ಕಿನ್ಸನ್‌ನಲ್ಲಿ ಸ್ಟ್ರಯೇಟಮ್‌ನ ಒಂದು ಭಾಗವಾದ ಪ್ಯುಟಾಮೆನ್ನಿನ ಬಾಲ ಅಳಿಸಿ ಪೂರ್ಣವಿರಾಮ ಉಳಿಯುತ್ತದೆ. (ವ್ಯಾಕರಣದವರಿಗೆ ಇದಕ್ಕಿಂತ ಸುಲಭದ ಗುರುತು ಬೇಕೆ?) ಟ್ರೋಡ್ಯಾಟ್‌ಗೆ ಬಳಸುವ ಟೆಕ್ನೀಷಿಯಮ್-99ಎಮ್‌ನ ಅರ್ಧಾಯುಷ್ಯ 6 ಗಂಟೆ, ಕಾರ್ಬನ್-11ರದು 20 ನಿಮಿಷ. ಕಾರ್ಬನ್-11 ತಯಾರಿಸುವ ಸೈಕ್ಲೊಟ್ರಾನ್ ಯಂತ್ರ ಪಕ್ಕದಲ್ಲೇ ಇಲ್ಲದ ಊರಿನಲ್ಲಿ ರ‍್ಯಾಕ್ಲೊಪ್ರೈಡ್ ಸ್ಕ್ಯಾನ್ ಆಗದು ಎಂಬುದಕ್ಕೆ ಇದೇ ಕಾರಣ.

ಮತ್ತೊಂದು ಉತ್ತರ:

‘ಭರ್ತಿ’ಗೆ ನನ್ನದೂ ಒಪ್ಪಿಗೆ. ‘ಔಷಧಜನ್ಯ ಕಂಪವಾತ’ ಎಂದು ಬರೆದಿದ್ದರೆ ಅದನ್ನೂ ತಿದ್ದಿ: ಎಷ್ಟೋ ಜನರಲ್ಲಿ ಕಂಪನವೇ ಇರುವುದಿಲ್ಲ, ನಿಧಾನ ಮತ್ತು ಬಿಗಿತ ಮಾತ್ರ. ‘ಮಾತ್ರೆಯಿಂದ ಬಂದ ಪಾರ್ಕಿನ್ಸನ್ ಲಕ್ಷಣ’ ಎನ್ನಿ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ತಲೆಸುತ್ತಿನ ಸಿನ್ನರಿಜಿನ್ ಕೂಡ ಇದನ್ನು ತರುವುದರಿಂದ ಹೆಸರಿನಲ್ಲಿ ‘ಮನೋರೋಗದ ಮಾತ್ರೆ’ ಎಂದು ಸೇರಿಸಬೇಡಿ. ಟಾರ್ಡೈವ್ ಡಿಸ್ಕೈನೀಸಿಯಾಗೆ ‘ತಡವಾಗಿ ಬರುವ ತಾನಾಗಿ ಆಡುವ ಚಲನೆ’ ಉದ್ದವಾಯಿತು, ನಿಜ. ಆದರೆ ಮೊದಲ ಬಾರಿ ಹಾಗೆ ಬರೆದು, ಬಾಯಿ ಮೆಲುಕು ಹಾಕಿದಂತೆ ಆಡುವುದು ಎಂಬ ವಿವರಣೆ ಕೊಟ್ಟರೆ ಮನೆಯವರು ತಟ್ಟನೆ ಗುರುತಿಸುತ್ತಾರೆ.