ಲ್ಯಾಬ್ರಡಾರ್‌ಗಳಲ್ಲಿ ಪಿಆರ್‌ಸಿಡಿ: ವಾಹಕ ನಾಯಿಯಿಂದ ಮರಿ ಪಡೆಯಬಹುದೇ?

ಪ್ರಶ್ನೆ: ಅಕ್ಷಿಪಟಲವನ್ನು ಕ್ರಮೇಣ ಕ್ಷೀಣಿಸಿ ಕುರುಡಾಗಿಸುವ ಪಿಆರ್‌ಸಿಡಿ ಕಾಯಿಲೆಗೆ ನಮ್ಮ ಹೆಣ್ಣು ಲ್ಯಾಬ್ರಡಾರ್ ‘ವಾಹಕ’ ಎಂದು ಡಿಎನ್‌ಎ ವರದಿ ಬಂದಿದೆ. ಅದರ ದೃಷ್ಟಿ ಹೋಗುವುದೇ? ಮರಿ ಮಾಡಿಸುವುದು ತಪ್ಪಾಗುವುದೇ?

ಉತ್ತರ 1: ವಾಹಕ, ಅಂದರೆ ದೋಷಯುಕ್ತ ಜೀನ್‌ನ ಒಂದೇ ಪ್ರತಿಯಿರುವ ನಿಮ್ಮ ನಾಯಿಯ ದೃಷ್ಟಿ ಈ ಕಾಯಿಲೆಯಿಂದ ಹೋಗುವುದಿಲ್ಲ. ಇದು ಅಪ್ರಬಲ ಗುಣವಾದ್ದರಿಂದ ತಂದೆ, ತಾಯಿ ಇಬ್ಬರಿಂದಲೂ ದೋಷಯುಕ್ತ ಜೀನ್ ಬಂದ ಮರಿಗೆ ಮಾತ್ರ ರೋಗ ತಗಲುತ್ತದೆ. ಮೊದಲು ಇರುಳುಗುರುಡು, ಆಮೇಲೆ ಹಗಲಿನ ನೋಟವೂ ಹೋಗುತ್ತದೆ. ದೋಷಮುಕ್ತ ಗಂಡಿನೊಡನೆ ಕೂಡಿಸಿದರೆ ಪ್ರತಿ ಮರಿಯೂ ವಾಹಕವಾಗುವ ಸಾಧ್ಯತೆ ಶೇ 50, ರೋಗದ ಭಯವಿಲ್ಲ. ಗಂಡೂ ವಾಹಕವಾದರೆ ರೋಗದ ಸಾಧ್ಯತೆ ಶೇ 25.

ಉತ್ತರ 2: ವಾಹಕಗಳನ್ನೆಲ್ಲ ಸಂತಾನದಿಂದ ಹೊರಗಿಟ್ಟರೆ ತಳಿಯ ಆನುವಂಶಿಕ ವೈವಿಧ್ಯವೇ ಕುಗ್ಗುತ್ತದೆ, ಆ ಅತಿರೇಕ ನನಗೆ ಒಪ್ಪಿಗೆಯಿಲ್ಲ. ಆದರೆ ಈ ಪರೀಕ್ಷೆ ಹುಡುಕುವುದು 2006ರಲ್ಲಿ ಗುರುತಿಸಲಾದ ಒಂದೇ ರೂಪಾಂತರವನ್ನು. ಕಣ್ಣಿನ ಪೊರೆಯಂಥ ಬೇರೆ ದೋಷಗಳು ಅದರಲ್ಲಿ ಕಾಣುವುದಿಲ್ಲವಾದ್ದರಿಂದ ಪಶುವೈದ್ಯರಿಂದ ನೇತ್ರಪರೀಕ್ಷೆಯನ್ನೂ ಮಾಡಿಸಿ.

ಪ್ರಶ್ನೆ ಕೇಳಿದವರು: ಗಂಡು ನಾಯಿಯ ಯಜಮಾನರು ‘ಕಣ್ಣು ಚೆನ್ನಾಗಿಯೇ ಇದೆ, ಪರೀಕ್ಷೆ ಏಕೆ?’ ಎನ್ನುತ್ತಿದ್ದಾರೆ.

ಉತ್ತರ 1: ಆ ಮಾತು ಸಾಲದು. ವಾಹಕದ ಕಣ್ಣು ಸದಾ ಚೆನ್ನಾಗಿಯೇ ಇರುತ್ತದೆ. ರೋಗವಿರುವ ನಾಯಿಯಲ್ಲೂ ಲಕ್ಷಣ ತೋರುವುದು ಎಷ್ಟೋ ಸಲ ಮರಿಗಳಾದ ನಂತರವೇ. ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಒರೆಸಿ ಕಳುಹಿಸಿದರೆ ಸಾಕು. ವರದಿ ಬರುವವರೆಗೆ ಕೂಡಿಸಬೇಡಿ.