ಎಡಕಿವಿಯಲ್ಲಿ ಕುಂಯ್ ಸದ್ದು, ಕುಕ್ಕರ್ ನಿಂತ ಮೇಲೂ ಕೂಗು – ಅನುಭವ ಇದ್ದವರು ಹೇಳಿ

ರಾಜಾಜಿನಗರ 41
ಮೂರು ವಾರದಿಂದ ಎಡಕಿವಿಯಲ್ಲಿ ಸಣ್ಣಗೆ ಕುಂಯ್ ಅನ್ನುತ್ತೆ. ಕುಕ್ಕರ್ ಕೂಗಿ ನಿಂತರೂ ಐದು ನಿಮಿಷ ಅದೇ ಕೂಗು ಒಳಗೇ ಕೇಳುತ್ತೆ. ಗುಗ್ಗೆ ಇಲ್ಲ ಅಂದರು ಡಾಕ್ಟರು, ಕಿವಿ ಎಷ್ಟು ಕೇಳುತ್ತೆ ಅಂತ ನೋಡೋ ಆಡಿಯೋಗ್ರಾಂ ಬರೆದುಕೊಟ್ಟಿದ್ದಾರೆ. ಕಿವಿಗೆ ಮೆಷಿನ್ (ಹಿಯರಿಂಗ್ ಏಡ್) ಹಾಕಿಸಬೇಕಾ, ಹಾಗೇ ಬಿಡೋದಾ?

ಪೀಣ್ಯ ಪ್ರೆಸ್
ಕುಂಯ್ ಎಲ್ಲಾ ಒಂದು ಸದ್ದಾ ಸ್ವಾಮಿ? ನಾನು ಪೀಣ್ಯದಲ್ಲಿ ತಗಡು ಒತ್ತೋ ಪವರ್ ಪ್ರೆಸ್ ಮೇಲೆ 22 ವರ್ಷ ದುಡಿದವನು. ಕಿವಿಗೆ ಏನಾದ್ರೂ ಕೊಡಿ ಅಂದ್ರೆ ಸೂಪರ್‌ವೈಸರ್ ಮೆಷಿನ್ ಒರೆಸೋ ಹತ್ತಿ ಕೊಡ್ತಿದ್ದ. 2016ರಲ್ಲಿ ಜೀರುಂಡೆ ಕೂಗಿದ ಹಾಗೆ ಸದ್ದು ಶುರುವಾಯ್ತು, ಎರಡೂ ಕಿವಿ. ಆಡಿಯೋಗ್ರಾಂನಲ್ಲಿ ಗೆರೆ 4000 ಹರ್ಟ್ಸ್ ಹತ್ರ, ಅಂದ್ರೆ ಕೀರಲು ಸದ್ದಿನ ಕಡೆ, ಬಾವಿಗೆ ಬಿದ್ದ ಹಾಗೆ ಇಳಿದಿತ್ತು. ಮೊದಲು ಎಸ್.ಪಿ. ರೋಡಲ್ಲಿ 1,800ಕ್ಕೆ ಒಂದು ಡಬ್ಬಿ ತಂದೆ. ಅದು ಎಲ್ಲಾ ಸದ್ದನ್ನೂ ಒಂದೇ ಸಮ ಏರಿಸ್ತಿತ್ತು, ಸ್ಟೀಲ್ ಲೋಟ ಇಟ್ಟರೂ ತಲೆಗೆ ಸುತ್ತಿಗೆ. ಆಮೇಲೆ 64,000 ಕೊಟ್ಟು ಜೊತೆ ಮೆಷಿನ್. 45ನೇ ದಿನ ಬಲಗಡೆದು ಸತ್ತಿತು. ಬೆವರು ಇಳಿದಿದೆ, ವಾರಂಟಿ ಬರಲ್ಲ ಅಂದ ಅಂಗಡಿಯವನು, ರಿಪೇರಿಗೆ 4,200. ಮೆಷಿನ್ ಕೊಂಡ ಬಿಲ್ಲಿಗೆ ಜಿಎಸ್‌ಟಿ ಬೇರೆ ಸೇರಿಸಿದ್ದ. ಹಿಯರಿಂಗ್ ಏಡ್‌ಗೆ ಜಿಎಸ್‌ಟಿ ಇಲ್ಲ ಕಣಯ್ಯ ಅಂತ ಕೌಂಟರಲ್ಲೇ ಕೂತು ವಾಪಸ್ ಇಸ್ಕೊಂಡೆ. 312 ನಂಬರ್ ಸೆಲ್ಲು, ಕಂದು ಸ್ಟಿಕ್ಕರ್‌ದು, ವಾರಕ್ಕೊಂದು ಜೊತೆ ಬೇಕು. ಹಾಕ್ಕೊಂಡಿರೋವಾಗ ಜೀರುಂಡೆ ಅರ್ಧ. ರಾತ್ರಿ ತೆಗೆದು ಡಬ್ಬಿಗೆ ಹಾಕಿದ್ರೆ ಹಾಜರ್.

ಮಲ್ಲೇಶ್ವರಂ ಫ್ಯಾನ್
64 ಸಾವಿರ ಸುರಿದು ಅರ್ಧವಾ! ನನಗೆ ಮೆಷಿನ್ನೇ ಬೇಕಾಗಲಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಮೂರು ಸಲ ಹೋದೆ, ಬೆಳಗಿನ ರೈಲಲ್ಲಿ, ಬುತ್ತಿ ಕಟ್ಟಿಕೊಂಡು. ಕೂರಿಸಿಕೊಂಡು ಹೇಳಿದರು: ಸದ್ದನ್ನು ಓಡಿಸಕ್ಕೆ ಹೋಗಬೇಡಿ, ಪೂರ್ತಿ ನಿಶ್ಶಬ್ದದಲ್ಲೂ ಮಲಗಬೇಡಿ, ಪಕ್ಕದಲ್ಲಿ ಇನ್ನೊಂದು ಸದ್ದಿರಲಿ, ಆದರೆ ಅದು ಕಿವಿಯ ಸದ್ದನ್ನು ಪೂರ್ತಿ ಮುಚ್ಚುವಷ್ಟು ಜೋರು ಬೇಡ. ಅವತ್ತಿಂದ ಡಿಸೆಂಬರಲ್ಲೂ ಫ್ಯಾನು. ನಮ್ಮನೆಯವರು ಎರಡು ರಗ್ಗು ಹೊದ್ದು ನೋಡಿದರು, ಆಮೇಲೆ ಹಾಲ್‌ಗೆ ಹೋದರು. ಎರಡು ವರ್ಷ ಆಯಿತು, ಹಾಲಲ್ಲೇ ಇದ್ದಾರೆ. ಸದ್ದು ಹೋಗಿಲ್ಲ. ನಾನು ಅದರ ಕಡೆ ತಿರುಗೋದು ನಿಂತಿದೆ, ಅಷ್ಟೆ.

ಎಳ್ಳೆಣ್ಣೆ ಜಯನಗರ
ಯಾಕೆ ಇಷ್ಟೆಲ್ಲಾ? ನಮ್ಮ ಹಿರಿಯರು ಇದಕ್ಕೆ ಕರ್ಣನಾದ ಅಂತ ಹೆಸರೇ ಇಟ್ಟಿದ್ದಾರೆ. ಎಳ್ಳೆಣ್ಣೆಗೆ ಎರಡೆಸಳು ಬೆಳ್ಳುಳ್ಳಿ ಹಾಕಿ ಕಾಯಿಸಿ, ಉಗುರುಬೆಚ್ಚಗೆ ನಾಲ್ಕು ತೊಟ್ಟು. ನನಗೆ 11 ದಿನಕ್ಕೆ ಹೋಯಿತು. ಖರ್ಚು 40 ರೂಪಾಯಿ.

ಎಚ್‌ಎಸ್‌ಆರ್ ಬಲಕಿವಿ
ದಯವಿಟ್ಟು ಈ ಎಣ್ಣೆ ಪುರಾಣ ನಿಲ್ಲಿಸಿ. ನಮ್ಮಮ್ಮನಿಗೆ ಇದೇ ತೊಟ್ಟು ಬಿಟ್ಟಿದ್ವಿ. ಕಿವಿಯ ತಮಟೆಯಲ್ಲಿ ತೂತಿದೆ ಅಂತ ಯಾರಿಗೆ ಗೊತ್ತಿತ್ತು? ಕೀವು, ಜ್ವರ, ಕೊನೆಗೆ ಕಿವಿ ಹಿಂದಿಂದ ಪೊರೆ ತೆಗೆದು ತೇಪೆ ಹಾಕಿದರು, 85,000. ನನ್ನದು ಇನ್ನೊಂದು ಕಥೆ. ಒಂದು ಸೋಮವಾರ ಎದ್ದರೆ ಬಲಕಿವಿ ಬಂದ್, ಒಳಗೆ ಗುಂಯ್. ಹತ್ತಿರದ ಕ್ಲಿನಿಕ್ಕಲ್ಲಿ ನೆಗಡಿ ಅಂದರು. ನಾನೂ ಆಫೀಸಲ್ಲಿ ಸಾಫ್ಟ್‌ವೇರ್ ರಿಲೀಸ್ ಮುಗೀಲಿ ಅಂತ ಆವಿ ತಗೊಂಡು 19 ದಿನ ಕಳೆದೆ. ಇದ್ದಕ್ಕಿದ್ದಂತೆ ಕಿವಿ ಕೇಳದೇ ಹೋದರೆ ಸ್ಟೀರಾಯ್ಡ್ ಮೊದಲ ಎರಡು ವಾರದೊಳಗೆ ಬೀಳಬೇಕಂತೆ, ಎಷ್ಟು ಬೇಗ ಅಷ್ಟು ಒಳ್ಳೇದು. ಆಮೇಲೆ ತಮಟೆಯ ಮೂಲಕ ನಾಲ್ಕು ಇಂಜೆಕ್ಷನ್, ತಲಾ 6,000. ಮದ್ದು ಗಂಟಲಿಗೆ ಇಳಿಯುತ್ತೆ ಅಂತ ಅರ್ಧ ಗಂಟೆ ಎಂಜಲು ನುಂಗಬಾರದು. ವಾಪಸ್ ಬಂದಿದ್ದು ಫೋನಲ್ಲಿ ಹಲೋ ಗೊತ್ತಾಗುವಷ್ಟು.

ಎಳ್ಳೆಣ್ಣೆ ಜಯನಗರ
ನಿಮ್ಮ ಆಲಸ್ಯಕ್ಕೆ ಎಣ್ಣೆ ಏನು ಮಾಡೀತು?

ಎಚ್‌ಎಸ್‌ಆರ್ ಬಲಕಿವಿ
11 ದಿನಕ್ಕೆ ತಾನಾಗೇ ಹೋಗೋ ಸದ್ದಿಗೆ ಮಜ್ಜಿಗೆ ಕುಡಿದಿದ್ರೂ ಹೋಗ್ತಿತ್ತು.

ಬಸವನಗುಡಿ ಮೇಷ್ಟ್ರು
ಜಗಳ ಸಾಕು. ನನಗೆ 72. ಸಂಜೆ ದೇವಸ್ಥಾನದ ಮಂಗಳಾರತಿ ಗಂಟೆ ನಿಂತು, ಪ್ರಸಾದ ತಿಂದು ಮನೆಗೆ ಬಂದರೂ ಗಂಟೆ ಬಾರಿಸುತ್ತಲೇ ಇರುತ್ತದೆ. ಕೆಲವು ದಿನ ನಾದಸ್ವರ. ಪಕ್ಕದ ಮನೆಯಲ್ಲಿ ಮದುವೆಯೇ ಅಂತ ಎರಡು ಸಲ ಹೋಗಿ ವಿಚಾರಿಸಿ ಮರ್ಯಾದೆ ಕಳೆದುಕೊಂಡೆ. ನಿಂತ ಸದ್ದು ಮತ್ತೆ ಮತ್ತೆ ಕೇಳುವುದು ಕೆಲವೊಮ್ಮೆ ಮೂರ್ಛೆರೋಗದ ಲಕ್ಷಣವೂ ಆಗಿರಬಹುದೆಂದು ತಲೆಗೆ ತಂತಿ ಅಂಟಿಸಿ ಮಿದುಳಿನ ವಿದ್ಯುತ್ ಅಲೆ ನೋಡುವ ಇಇಜಿ ಮಾಡಿದರು, ಏನೂ ಇಲ್ಲ. ಕಿವಿ ಮಂದವಾದಾಗ ಮಿದುಳು ಖಾಲಿ ಜಾಗಕ್ಕೆ ತನ್ನ ಉಗ್ರಾಣದಿಂದ ತುಂಬುತ್ತದಂತೆ. ಹುಚ್ಚಲ್ಲ ಎಂದು ಬರೆದುಕೊಡಿ ಅಂತ ಕೇಳಿದೆ, ಮಗಳಿಗೆ ತೋರಿಸಲು.

ಮಲ್ಲೇಶ್ವರಂ ಫ್ಯಾನ್
ಮೇಷ್ಟ್ರೇ, ನಿಮ್ಮದು ಒಳಗಿನ ನಾದಸ್ವರ. ನಮ್ಮ ಬೀದಿಯಲ್ಲಿ ಗಣೇಶನ ಹೆಸರಲ್ಲಿ ನಿಜವಾದ ಸ್ಪೀಕರ್ ರಾತ್ರಿ 11ರವರೆಗೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹಾಕಬಾರದು ಅಂತ 2000ದಲ್ಲೇ ನಿಯಮ ಬಂದಿದೆ. ವಸತಿ ಬೀದಿಗೆ ರಾತ್ರಿ 45 ಡೆಸಿಬೆಲ್. 112ಕ್ಕೆ ಫೋನ್ ಮಾಡಿದ್ದು ನಾನೇ.

ಪೀಣ್ಯ ಪ್ರೆಸ್
ಓಹೋ, ಹಬ್ಬಕ್ಕೆ ಪೊಲೀಸ್ ಕರೆಸೋರು ನೀವೇನಾ! ವರ್ಷಕ್ಕೊಂದು ಗಣೇಶ. ನಿಮ್ಮ ಫ್ಯಾನ್ ವರ್ಷವಿಡೀ, ಪಾಪ ನಿಮ್ಮ ಯಜಮಾನ್ರು ಯಾರಿಗೆ ಫೋನ್ ಮಾಡಬೇಕು?

ಮಲ್ಲೇಶ್ವರಂ ಫ್ಯಾನ್
ನಮ್ಮನೆಯವರ ಸುದ್ದಿ ನಿಮಗೆ ಬೇಡ.

ರಾಜಾಜಿನಗರ 41
ಆಡಿಯೋಗ್ರಾಂ ಆಯಿತು. ಬಲಕಿವಿ ಸರಿ ಇದೆ, ಎಡಕಿವಿ ಮಾತ್ರ 4000 ಹರ್ಟ್ಸ್‌ನಲ್ಲಿ 50 ಡೆಸಿಬೆಲ್‌ಗೆ ಇಳಿದಿದೆ, ಅಂದರೆ ಅಷ್ಟು ಜೋರಿದ್ದರೆ ಮಾತ್ರ ಕೇಳುತ್ತೆ. ಒಂದೇ ಕಿವಿ ಅಂತ ಎಂಆರ್‌ಐ ಬರೆದಿದ್ದಾರೆ. ಯಾರಾದರೂ ಮಾಡಿಸಿದ್ದೀರಾ? ಭಯ ಆಗ್ತಿದೆ.

ಎಚ್‌ಎಸ್‌ಆರ್ ಬಲಕಿವಿ
ಮಾಡಿಸಿದ್ದೆ, 8,500. ಕಿವಿಯ ನರದ ಮೇಲೆ ಗಂಟಿದೆಯಾ ಅಂತ ನೋಡ್ತಾರೆ. ಸಿಗೋದು ಅಪರೂಪ, ಸಿಕ್ಕರೂ ಕ್ಯಾನ್ಸರ್ ಅಲ್ಲ. ನನಗೆ ಇರಲಿಲ್ಲ. ಕಿವಿಗೆ ಪ್ಲಗ್ ಕೇಳಿ ಹಾಕಿಸಿಕೊಳ್ಳಿ. ಕಿವಿ ಸದ್ದು ಅಂತ ಹೋದವನನ್ನು ಕೊಳವೆ ಒಳಗೆ ಮಲಗಿಸಿ 40 ನಿಮಿಷ ಟಕಟಕ ಕುಟ್ಟಿದರು. ಹೊರಗೆ ಬಂದು ಲಿಫ್ಟಲ್ಲಿ ನಿಂತರೂ ಟಕಟಕ.

ಪೀಣ್ಯ ಪ್ರೆಸ್
40 ನಿಮಿಷಕ್ಕೇ ಇಷ್ಟು! ನನ್ನದು ದಿನಕ್ಕೆ ಎಂಟು ಗಂಟೆ, ಓಟಿ ಬೇರೆ. ಅದಿರಲಿ, 312 ಸೆಲ್ಲು ಹೋಲ್‌ಸೇಲಲ್ಲಿ ಎಲ್ಲಿ ಸಿಗುತ್ತೆ ಯಾರಾದ್ರೂ ಹೇಳ್ತೀರಾ?